ನೃತ್ಯರಚನೆಯು ಕಾಲೇಜಿನ ಪಾಠವಾದ ಬಗೆ

ಹಾಡುವವನು ಬೇರೆ, ವಾಗ್ಗೇಯಕಾರನು ಬೇರೆ ಎಂಬ ವಿವೇಚನೆಯು ಸಂಗೀತವನ್ನು ಬಲ್ಲ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ನೂರು ಕೀರ್ತನೆಗಳನ್ನು ಶುದ್ಧವಾಗಿ ಪಾಠಮಾಡಿಕೊಂಡು ಸಭೆಯಲ್ಲಿ ಹಾಡಬಲ್ಲ ವಿದ್ವಾಂಸನು ತಾನಾಗಿ ಒಂದು ಕೀರ್ತನೆಯನ್ನಾದರೂ ರಚಿಸದೆ ಬಾಳಬಹುದು. ಅದರಿಂದ ಅವನ ವಿದ್ವತ್ತಿಗೆ ಕುಂದೇನೂ ಇಲ್ಲ. ನೃತ್ಯದಲ್ಲಿಯೂ ಹೀಗೆಯೇ. ಅಡವುಗಳನ್ನು ಸಾಧಿಸಿ, ಜತಿಗಳನ್ನು ಬಾಯಿಪಾಠ ಮಾಡಿ, ಗುರುವು ಕಟ್ಟಿಕೊಟ್ಟ ವರ್ಣವನ್ನು ರಂಗದಲ್ಲಿ ಆಡಿ ತೋರಿಸುವುದು ಶಿಷ್ಯೆಯ ಕೆಲಸ; ಕಟ್ಟುವ ಕೆಲಸ ನಟ್ಟುವನಾರನದು. ಆ ಕಟ್ಟುವ ವಿದ್ಯೆಯು ಗುರುವಿನ ಮಗ್ಗುಲಲ್ಲಿ ವರುಷಗಟ್ಟಲೆ ತಾಳ ಹಿಡಿದು ಕುಳಿತವನಿಗೆ ತಾನಾಗಿ ಹತ್ತುತ್ತಿತ್ತು. ಅದಕ್ಕೆ ಪಾಠಪಟ್ಟಿಯಿರಲಿಲ್ಲ, ಪರೀಕ್ಷೆಯಿರಲಿಲ್ಲ. ಹತ್ತದಿದ್ದವನಿಗೆ ಹತ್ತಿಸುವ ಉಪಾಯವೂ ಇರಲಿಲ್ಲ.

ಈ ಕಟ್ಟುವ ವಿದ್ಯೆಯನ್ನು ಇಂಗ್ಲಿಷರು ಕೋರಿಯಾಗ್ರಫಿ ಎನ್ನುವರು. ನಾವು ನೃತ್ಯರಚನೆ ಎನ್ನೋಣ. ಗಂಟೆ ಬಾರಿಸಿದೊಡನೆ ಆರಂಭಿಸಿ, ಮತ್ತೊಂದು ಗಂಟೆಗೆ ಮುಗಿಸಿ, ವರುಷದ ಕೊನೆಗೆ ಅಂಕಗಳನ್ನು ಹಾಕಿ ಪದವಿಯನ್ನು ಕೊಡುವಂಥ ಒಂದು ವಿಷಯವಾಗಿ ಇದನ್ನು ಕಾಲೇಜಿನಲ್ಲಿ ಕಲಿಸಬಹುದೆ? ಕವಿತೆ ಬರೆಯುವುದನ್ನು ಕಲಿಸಬಹುದೆ ಎಂಬ ಪ್ರಶ್ನೆಗೆ ತಲೆಯಲ್ಲಾಡಿಸುವ ನಮ್ಮ ಪಂಡಿತರು ಇದಕ್ಕೂ ತಲೆಯಲ್ಲಾಡಿಸುವರು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೧೭ರಿಂದ ೧೯೬೨ರ ವರೆಗಿನ ನಾಲ್ವತ್ತೈದು ವರುಷಗಳಲ್ಲಿ ಕೆಲವರು ಹೌದೆಂದು ಹೇಳಿ ಮಾಡಿಯೇ ತೋರಿಸಿದರು. ಇಂದು ಲೋಕದ ನಾನಾ ಕಡೆಗಳಲ್ಲಿ ಸಮಕಾಲೀನ ನೃತ್ಯವೆಂಬ ಹೆಸರಿನಿಂದ ಕಾಲೇಜುಗಳಲ್ಲಿ ನಡೆಯುವ ವ್ಯಾಸಂಗದ ಬಹುಭಾಗಕ್ಕೆ ಅಲ್ಲಿಯೇ ಬೇರು. ಆ ಕಥೆಯಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಎರಡನ್ನೂ ಹೇಳುವುದು ನ್ಯಾಯ.

ಕಥೆಯ ಮೊದಲಲ್ಲಿ ಅಮೆರಿಕದ ನೃತ್ಯಕ್ಕೆ ಸ್ವಂತ ಮನೆಯಿರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಫ್ರಾನ್ಸ್, ರಷ್ಯಾ, ಡೆನ್ಮಾರ್ಕುಗಳಲ್ಲಿ ದೊರೆಗಳ ಆಶ್ರಯದಲ್ಲಿ ಬ್ಯಾಲೆ ಶಾಲೆಗಳು ಬೆಳೆದು ನೂರಾರು ವರುಷಗಳಾಗಿದ್ದವು. ಅಮೆರಿಕದಲ್ಲಿ ದೊರೆಯಿಲ್ಲ, ಆಸ್ಥಾನವಿಲ್ಲ. ಕುಣಿಯುವವರಿಗೆ ವಿನೋದಗೃಹಗಳ ರಂಗವೇ ಗತಿ. ಇಸಡೋರಾ ಡಂಕನ್ ತನ್ನ ಕಲೆಗೆ ಮರ್ಯಾದೆಯನ್ನು ಹುಡುಕಿಕೊಂಡು ಯೂರೋಪಿಗೆ ಹೋದರು. ರೂತ್ ಸೇಂಟ್ ಡೆನಿಸ್ ೧೯೦೬ರಲ್ಲಿ ‘ರಾಧಾ’ ಎಂಬ ನೃತ್ಯದಿಂದ ಹೆಸರಾದರು. ಭಾರತದ ನೆಲವನ್ನು ಅವರು ಆಗಿನ್ನೂ ತುಳಿದಿರಲಿಲ್ಲ! ಅವರೂ ಅವರ ಪತಿ ಟೆಡ್ ಶಾನ್ ಅವರೂ ೧೯೧೫ರಲ್ಲಿ ಲಾಸ್ ಏಂಜಲಿಸಿನಲ್ಲಿ ತೆರೆದ ಡೆನಿಶಾನ್ ಶಾಲೆಯಿಂದ ಮಾರ್ಥಾ ಗ್ರಹಾಂ, ಡೋರಿಸ್ ಹಂಫ್ರಿ, ಚಾರ್ಲ್ಸ್ ವೈಡ್ಮನ್ ಎಂಬ ಮೂವರು ಹೊರಬಿದ್ದರು. ಪರದೇಶದ ದೇವತೆಗಳ ಉಡುಗೆಯನ್ನು ಎಷ್ಟು ದಿನ ಉಡುವುದೆಂದು ಬೇಸತ್ತು, ೧೯೨೦ರ ದಶಕದಲ್ಲಿ ಅವರು ನ್ಯೂಯಾರ್ಕಿನಲ್ಲಿ ತಂತಮ್ಮ ದಾರಿಯನ್ನು ಹಿಡಿದರು. ಅವರಿಗೆ ದೊರೆತ ಪ್ರೇಕ್ಷಕರು ಅಲ್ಪ. ಹಣ ಇನ್ನೂ ಅಲ್ಪ.

ಅತ್ತ ಕಾಲೇಜುಗಳಲ್ಲಿ ಬೇರೊಂದು ವಿಚಾರ ನಡೆದಿತ್ತು. ಉನ್ನತ ವಿದ್ಯಾಭ್ಯಾಸವು ಹೆಣ್ಣುಮಕ್ಕಳ ದೇಹಪ್ರಕೃತಿಯನ್ನು ಕೆಡಿಸುವುದೆಂದು ಹತ್ತೊಂಬತ್ತನೆಯ ಶತಮಾನದ ಕೆಲವು ವೈದ್ಯರು ಹೆದರಿಸಿದ್ದರು. ಅದಕ್ಕೆ ಪರಿಹಾರವೆಂಬಂತೆ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರಿಗೆ ವ್ಯಾಯಾಮವನ್ನು ಕಡ್ಡಾಯ ಮಾಡಿದರು, ವ್ಯಾಯಾಮಶಾಲೆಗಳನ್ನು ಕಟ್ಟಿಸಿದರು, ವ್ಯಾಯಾಮದ ಉಪಾಧ್ಯಾಯಿನಿಯರನ್ನು ನೇಮಿಸಿದರು. ನೃತ್ಯವು ವಿದ್ಯಾಪೀಠದೊಳಕ್ಕೆ ಬಂದದ್ದು ಈ ಹಿತ್ತಿಲ ಬಾಗಿಲಿನಿಂದ. ಸಾಹಿತ್ಯ, ಸಂಗೀತ, ಚಿತ್ರಕಲೆಗಳ ಪಂಕ್ತಿಯಲ್ಲಿ ಅದಕ್ಕೆ ಎಲೆ ಹಾಕಿದವರು ಯಾರೂ ಇಲ್ಲ. ಚೆಂಡಾಟದ ಪಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಆ ಚೆಂಡಾಟದ ಮಾತು ಬರಿಯ ಅಲಂಕಾರವಲ್ಲ. ಮಾರ್ಗರೆಟ್ ಡೋಬ್ಲರ್ ಎಂಬವರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಜೀವಶಾಸ್ತ್ರವನ್ನು ಓದಿ ೧೯೧೦ರಲ್ಲಿ ಪದವೀಧರೆಯಾದವರು; ಅಲ್ಲಿಯೇ ಹೆಣ್ಣುಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದರು. ಆ ಆಟದಲ್ಲಿ ಅವರಿಗೆ ಬಹಳ ಪ್ರೀತಿ. ೧೯೧೬ರಲ್ಲಿ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೊರಟಾಗ, ಸ್ತ್ರೀಯರ ವ್ಯಾಯಾಮ ವಿಭಾಗದ ಮುಖ್ಯಸ್ಥೆಯಾಗಿದ್ದ ಬ್ಲಾಂಚ್ ಟ್ರಿಲ್ಲಿಂಗ್ ಅವರು ಒಂದು ಕೆಲಸವನ್ನು ವಹಿಸಿದರು: ಕಾಲೇಜಿನ ಹೆಣ್ಣುಮಗಳು ತನ್ನ ಹೊತ್ತನ್ನು ಕೊಡಲು ಯೋಗ್ಯವಾದ ನೃತ್ಯವೇನಾದರೂ ಅಲ್ಲಿ ಉಂಟೆ, ನೋಡಿ ಬಾ ಎಂದು. ಡೋಬ್ಲರರಿಗೆ ಈ ಕೆಲಸದಲ್ಲಿ ಮನಸ್ಸಿರಲಿಲ್ಲ. ನ್ಯೂಯಾರ್ಕಿನ ಶಾಲೆಗಳನ್ನು ಒಂದೊಂದಾಗಿ ನೋಡಿದರು. ಎಲ್ಲೆಲ್ಲಿಯೂ ಗುರುವು ಹೆಜ್ಜೆ ಹಾಕುವುದು, ಶಿಷ್ಯರು ಅದನ್ನು ಅನುಕರಿಸುವುದು. ಕೊನೆಗೆ ಆಲಿಸ್ ಬೆಂಟ್ಲಿ ಎಂಬ ಸಂಗೀತೋಪಾಧ್ಯಾಯಿನಿಯ ಕೊಠಡಿಯಲ್ಲಿ ಕಲಿಯುವವರು ನೆಲದ ಮೇಲೆ ಮಲಗಿ ಕೈಕಾಲು ಚಲಿಸುವುದನ್ನು ಕಂಡರು. ಅಲ್ಲಿ ಅವರಿಗೊಂದು ಹೊಳಹು ದೊರೆಯಿತು. ನಿಂತಿರುವವನ ದೇಹವು ಬೀಳದೆ ಇರುವ ಯತ್ನದಲ್ಲಿಯೇ ಅರ್ಧ ಶಕ್ತಿಯನ್ನು ಕಳೆಯುವುದು. ಮಲಗಿದವನಿಗೆ ಆ ಚಿಂತೆಯಿಲ್ಲ; ಭುಜದ ಕೀಲು ಯಾವ ದಿಕ್ಕಿಗೆ ಎಷ್ಟು ತಿರುಗಬಲ್ಲದು, ಬೆನ್ನೆಲುಬು ಹೇಗೆ ಬಾಗಬಲ್ಲದು ಎಂಬುದನ್ನು ಅವನು ತಾನಾಗಿಯೇ ಕಂಡುಕೊಳ್ಳಬಹುದು.

೧೯೧೭ರ ಬೇಸಗೆಯಲ್ಲಿ ವಿಸ್ಕಾನ್ಸಿನ್ನಿಗೆ ಮರಳಿ ಅವರು ಪಾಠವನ್ನು ಆರಂಭಿಸಿದರು. ಆ ತರಗತಿಯಲ್ಲಿ ಒಂದು ಮನುಷ್ಯಾಸ್ಥಿಪಂಜರವನ್ನು ಇರಿಸಿದ್ದರಂತೆ! ಕೀಲುಗಳ ರಚನೆಯನ್ನು ಅದರಲ್ಲಿ ತೋರಿಸಿ, ಇನ್ನು ನಿಮ್ಮ ಮೈಯಲ್ಲಿ ಅದನ್ನು ಹುಡುಕಿರೆಂದು ವಿದ್ಯಾರ್ಥಿನಿಯರಿಗೆ ಹೇಳುವರು. ಕೆಲವೊಮ್ಮೆ ಒಬ್ಬರನ್ನೊಬ್ಬರು ನೋಡಿ ಅನುಕರಿಸದಂತೆ ಕಣ್ಣಿಗೆ ಬಟ್ಟೆ ಕಟ್ಟಿಸುವರು. ತಾವು ಕುಣಿದು ತೋರಿಸುತ್ತಿರಲಿಲ್ಲ. ರಂಗದ ಮೇಲೆ ನರ್ತಕಿಯೆಂದು ಅವರು ಬಾಳಿದವರೇ ಅಲ್ಲ. ನಮ್ಮ ನಾಟ್ಯಗ್ರಂಥಗಳು ದೇಹವನ್ನು ಅಂಗ, ಪ್ರತ್ಯಂಗ, ಉಪಾಂಗಗಳೆಂದು ವಿಂಗಡಿಸಿದ್ದು ಮುಖ್ಯವಾಗಿ ನೋಡುವವನ ಕಣ್ಣನ್ನು ಲಕ್ಷಿಸಿ. ಡೋಬ್ಲರರ ವಿಂಗಡಣೆಯಾದರೋ ಚಲಿಸುವವಳ ಒಳಗಿನ ಅನುಭವವನ್ನು ಲಕ್ಷಿಸಿ. ಈ ಭೇದವು ಚಿಕ್ಕದಲ್ಲ.

೧೯೨೬ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ನೃತ್ಯವನ್ನು ಮುಖ್ಯ ವಿಷಯವಾಗಿಟ್ಟು ಪದವಿ ಕೊಡುವ ವ್ಯಾಸಂಗಕ್ರಮಕ್ಕೆ ಒಪ್ಪಿಗೆಯಿತ್ತಿತು. ಅಮೆರಿಕದಲ್ಲಿ ಅದೇ ಮೊದಲನೆಯದು. ಅದು ವ್ಯಾಯಾಮ ವಿಭಾಗದ ಆಶ್ರಯದಲ್ಲಿಯೇ ಇತ್ತು. ಓದುವವರು ಅಂಗರಚನಾಶಾಸ್ತ್ರ, ಶಾರೀರಶಾಸ್ತ್ರಗಳನ್ನು ಕಲಿಯಬೇಕಾಗಿತ್ತು. ಡೋಬ್ಲರರ ಉದ್ದೇಶವು ನರ್ತಕಿಯರನ್ನು ತಯಾರಿಸುವುದಲ್ಲ. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ತನ್ನ ಭಾವವನ್ನು ಚಲನೆಯಲ್ಲಿ ರೂಪಿಸಲು ಕಲಿತರೆ ಅವಳ ವ್ಯಕ್ತಿತ್ವವು ಬೆಳೆಯುವುದೆಂಬುದು ಅವರ ನಂಬಿಕೆ. ಅವರ ಶಿಷ್ಯೆಯರು ದೇಶದ ನಾನಾ ಕಾಲೇಜುಗಳಿಗೆ ಉಪಾಧ್ಯಾಯಿನಿಯರಾಗಿ ಹೋದರು. ಹೀಗೆ ಕೆಲವೇ ವರುಷಗಳಲ್ಲಿ ಅಮೆರಿಕದಲ್ಲಿ ಒಂದು ವಿಚಿತ್ರವಾದ ಸ್ಥಿತಿಯುಂಟಾಯಿತು: ಕಾಲೇಜುಗಳಲ್ಲಿ ನೃತ್ಯದ ಉಪಾಧ್ಯಾಯಿನಿಯರು ಇದ್ದರು, ಅವರ ಕೈಯಲ್ಲಿ ದೊಡ್ಡ ಕೃತಿಗಳಿರಲಿಲ್ಲ, ನ್ಯೂಯಾರ್ಕಿನಲ್ಲಿ ದೊಡ್ಡ ಕೃತಿಗಳನ್ನು ರಚಿಸುವ ಕಲಾವಿದರಿದ್ದರು, ಅವರಿಗೆ ಕಾಲೇಜಿನ ಬಾಗಿಲು ತೆರೆದಿರಲಿಲ್ಲ.

ಇವರಿಬ್ಬರನ್ನೂ ಒಂದೆಡೆ ಕೂಡಿಸಿದವರು ಮಾರ್ಥಾ ಹಿಲ್. ಒಹಾಯೋ ಪ್ರಾಂತದ ಒಂದು ಸಣ್ಣ ಊರಿನಲ್ಲಿ ೧೯೦೦ರಲ್ಲಿ ಹುಟ್ಟಿದವರು. ವ್ಯಾಯಾಮದ ಉಪಾಧ್ಯಾಯಿನಿಯಾಗಿ ಆರಂಭಿಸಿ, ಕೆಲವು ಕಾಲ ಮಾರ್ಥಾ ಗ್ರಹಾಮರ ತಂಡದಲ್ಲಿಯೂ ಕುಣಿದವರು. ಎರಡು ಭಾಷೆಗಳನ್ನೂ ಬಲ್ಲ ದುಭಾಷಿಯಂತೆ ಅವರು ಕಾಲೇಜಿನವರಿಗೂ ಕಲಾವಿದರಿಗೂ ಸಮಾನವಾಗಿ ಬೇಕಾದವರು. ವರ್ಮಾಂಟ್ ಪ್ರಾಂತದ ಬೆನಿಂಗ್ಟನ್ ಎಂಬಲ್ಲಿ ೧೯೩೨ರಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ಹೊಸ ಕಾಲೇಜು ತೆರೆಯಿತು. ಕಲೆಗಳನ್ನು ಶಾಸ್ತ್ರಗಳಿಗೆ ಸಮಾನವಾಗಿ ಕಲಿಸಬೇಕೆಂಬುದು ಅದರ ಸಂಕಲ್ಪ. ನೃತ್ಯವು ಅಲ್ಲಿ ವ್ಯಾಯಾಮದ ಬಾಲವಾಗಿರಲಿಲ್ಲ. ಅದರ ಮೊದಲನೆಯ ಅಧ್ಯಕ್ಷರಾದ ರಾಬರ್ಟ್ ಲೀ ಅವರ ಒತ್ತಾಸೆಯಿಂದ ಹಿಲ್ ಅವರೂ, ಆಡಳಿತದಲ್ಲಿ ಚತುರರಾದ ಮೇರಿ ಜೋಸೆಫೀನ್ ಶೆಲ್ಲಿ ಅವರೂ ೧೯೩೪ರ ಬೇಸಗೆಯ ರಜೆಯಲ್ಲಿ ಆ ಕಾಲೇಜಿನ ಕಟ್ಟಡಗಳಲ್ಲಿ ಆರು ವಾರಗಳ ನೃತ್ಯಶಾಲೆಯೊಂದನ್ನು ನಡೆಸಿದರು.

ಆಗ ಅಮೆರಿಕದಲ್ಲಿ ಘೋರವಾದ ಆರ್ಥಿಕ ಮುಗ್ಗಟ್ಟು. ಆದರೂ ನೂರಕ್ಕೆ ಮೇಲ್ಪಟ್ಟು ಮಂದಿ ಬಂದರು. ಬಂದವರಲ್ಲಿ ಹದಿನೈದು ವರುಷದ ಹುಡುಗಿಯರೂ ಇದ್ದರು, ನಾಲ್ವತ್ತು ದಾಟಿದ ಉಪಾಧ್ಯಾಯಿನಿಯರೂ ಇದ್ದರು. ಹೆಚ್ಚಿನವರು ಕಾಲೇಜು ಮತ್ತು ಶಾಲೆಗಳಲ್ಲಿ ವ್ಯಾಯಾಮವನ್ನು ಕಲಿಸತಕ್ಕವರು. ಕಲಿಸಲು ಬಂದವರು ಗ್ರಹಾಂ, ಹಂಫ್ರಿ, ವೈಡ್ಮನ್, ಮತ್ತು ಜರ್ಮನಿಯ ಮೇರಿ ವಿಗ್ಮನ್ ಅವರ ಶಿಷ್ಯೆಯಾಗಿ ೧೯೩೧ರಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸಿದ್ದ ಹಾನ್ಯಾ ಹೋಲ್ಮ್. ನ್ಯೂಯಾರ್ಕಿನಲ್ಲಿ ಈ ನಾಲ್ವರ ಶಿಷ್ಯವರ್ಗಗಳು ಒಂದರ ನೆರಳನ್ನು ಒಂದು ಮೆಟ್ಟುತ್ತಿರಲಿಲ್ಲ. ಒಬ್ಬರ ಶಿಷ್ಯೆ ಇನ್ನೊಬ್ಬರ ಪಾಠಕ್ಕೆ ಹೋದರೆ ಅದು ದ್ರೋಹವೇ ಸರಿ. ನಮ್ಮ ಸಂಗೀತದ ಬಾಣಿಗಳ ಜಗಳವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥವರನ್ನು ಒಂದೇ ಪಾಠಪಟ್ಟಿಯಲ್ಲಿ ಕೂಡಿಸಿ, ಒಂದೇ ಹುಡುಗಿಯು ಗ್ರಹಾಮರಲ್ಲಿ ಉಸಿರಿನೊಂದಿಗೆ ಮುಂಡವನ್ನು ಬಿಗಿದು ಸಡಿಲಿಸುವ ಕ್ರಮವನ್ನೂ, ಹಂಫ್ರಿಯವರಲ್ಲಿ ಬೀಳುವುದಕ್ಕೂ ಮತ್ತೆ ಚೇತರಿಸಿಕೊಳ್ಳುವುದಕ್ಕೂ ನಡುವಿನ ತತ್ತ್ವವನ್ನೂ, ಹೋಲ್ಮರಲ್ಲಿ ಸುತ್ತಲಿನ ಆಕಾಶವನ್ನು ಅರಿತು ಚಲಿಸುವುದನ್ನೂ ಕಲಿಯುವಂತೆ ಮಾಡಿದ್ದು ಹಿಲ್ ಅವರ ಸಾಹಸ. ಬಾಣಿಗಳ ಗೋಡೆಗಳಿಗೆ ಆರು ವಾರಗಳ ಮಟ್ಟಿಗಾದರೂ ಕಿಂಡಿ ಬಿದ್ದಿತು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಿಮರ್ಶಕರಾದ ಜಾನ್ ಮಾರ್ಟಿನ್ ಅವರು ಇತಿಹಾಸವನ್ನೂ ವಿಮರ್ಶೆಯನ್ನೂ ಬೋಧಿಸಿದರು. ನೃತ್ಯವನ್ನು ಕುರಿತು ಮಾತನಾಡುವುದೂ ಒಂದು ಪಾಠವೆಂದು ಅಂಗೀಕಾರವಾಯಿತು.

೧೯೩೫ರಿಂದ ಇನ್ನೊಂದು ಏರ್ಪಾಡು ಬಂದಿತು. ಕಲಾವಿದರೊಬ್ಬರು ತಮ್ಮ ತಂಡವನ್ನೂ ಶಾಲೆಯ ಆಯ್ದ ವಿದ್ಯಾರ್ಥಿನಿಯರನ್ನೂ ಕೂಡಿಸಿಕೊಂಡು ಬೇಸಗೆಯೊಳಗೆ ಒಂದು ಹೊಸ ಕೃತಿಯನ್ನು ರಚಿಸುವುದು. ಅದನ್ನು ಬೆನಿಂಗ್ಟನ್ ಊರಿನ ಸೈನ್ಯದ ಶಸ್ತ್ರಾಗಾರದ ಹಜಾರದಲ್ಲಿ ಪ್ರದರ್ಶಿಸುವುದು. ಗ್ರಹಾಮರ ‘ಪನೋರಮಾ’ (೧೯೩೫), ಹಂಫ್ರಿಯವರ ‘ವಿತ್ ಮೈ ರೆಡ್ ಫೈರ್ಸ್’ (೧೯೩೬), ಹೋಲ್ಮರ ‘ಟ್ರೆಂಡ್’ (೧೯೩೭) ಹೀಗೆ ಹುಟ್ಟಿದವು. ನ್ಯೂಯಾರ್ಕಿನಲ್ಲಿ ಹತ್ತು ಹನ್ನೆರಡು ಮಂದಿಗೆ ಮಾತ್ರ ಕೃತಿ ಕಟ್ಟಬಲ್ಲವರಿಗೆ ಇಲ್ಲಿ ಮೂವತ್ತು ಮಂದಿಯ ಸಮೂಹವು ದೊರೆಯಿತು. ಕಾಲೇಜು ಕಲೆಯನ್ನು ಕಲಿಸಿತೆಂದಷ್ಟೆ ಹೇಳುವುದು ಸಾಲದು; ಕಾಲೇಜು ಇಲ್ಲದಿದ್ದರೆ ಆ ಕೃತಿಗಳೇ ಹುಟ್ಟುತ್ತಿರಲಿಲ್ಲವೆಂದೂ ಹೇಳಬೇಕು. ಬೇಸಗೆ ಮುಗಿದು ಊರಿಗೆ ಮರಳಿದ ಉಪಾಧ್ಯಾಯಿನಿಯರು ತಮ್ಮ ತಮ್ಮ ಕಾಲೇಜುಗಳಿಗೆ ಈ ಕಲಾವಿದರನ್ನು ಆಹ್ವಾನಿಸತೊಡಗಿದರು. ವ್ಯಾಯಾಮಶಾಲೆಯಿಂದ ವ್ಯಾಯಾಮಶಾಲೆಗೆ ತಿರುಗುವ ಈ ಸಂಚಾರಗಳ ಸಂಭಾವನೆಯೇ ಎಷ್ಟೋ ಕಾಲ ನವೀನ ನೃತ್ಯದ ಅನ್ನವಾಗಿತ್ತು.

ಇಲ್ಲಿಯವರೆಗೂ ಹೇಳಿದ್ದು ಮನೆ ಕಟ್ಟಿದ ಕಥೆ. ನೃತ್ಯರಚನೆಯೆಂಬ ಪಾಠವನ್ನು ಪಾಠವಾಗಿ ರೂಪಿಸಿದವರು ನರ್ತಕರಲ್ಲ. ಒಬ್ಬ ಪಿಯಾನೋ ವಾದಕರು. ಅವರ ಹೆಸರು ಲೂಯಿ ಹಾರ್ಸ್ಟ್ (೧೮೮೪–೧೯೬೪). ಹತ್ತು ವರುಷ ಡೆನಿಶಾನ್ ತಂಡದ ಸಂಗೀತ ನಿರ್ದೇಶಕರಾಗಿದ್ದು, ಆ ಬಳಿಕ ಬಹುಕಾಲ ಗ್ರಹಾಮರ ಸಂಗೀತ ಸಲಹೆಗಾರರಾಗಿದ್ದವರು. ಸ್ಥೂಲಕಾಯರು, ಬಾಯಿ ಬಹಳ ಚುರುಕು. ಸಂಗೀತರಚನೆಯನ್ನು ಕಲಿಸಲು ಶತಮಾನಗಳಿಂದ ಒಂದು ಶಾಸ್ತ್ರವಿದೆಯಷ್ಟೆ; ಅದನ್ನು ನೃತ್ಯಕ್ಕೆ ಏಕೆ ಅನ್ವಯಿಸಬಾರದೆಂಬುದು ಅವರ ಪ್ರಶ್ನೆ. ಕುಣಿಯಬಲ್ಲ ಹುಡುಗಿಯರು ಮನಸ್ಸಿಗೆ ಬಂದ ಹಾಗೆ ಕೈಯೆತ್ತಿ ಕಣ್ಣೀರು ಸುರಿಸಿ, ಅದನ್ನೇ ಭಾವವೆಂದು ತಿಳಿಯುವುದನ್ನು ಅವರು ಸಹಿಸುತ್ತಿರಲಿಲ್ಲ.

ಅವರ ಮೊದಲನೆಯ ಪಾಠಕ್ರಮವು ಯೂರೋಪಿನ ಹಳೆಯ ಆಸ್ಥಾನನೃತ್ಯಗಳನ್ನು ಆಧರಿಸಿದ್ದು: ಮೆಲ್ಲನೆ ಮೆರವಣಿಗೆಯಂತೆ ಸಾಗುವ ಪವಾನ್, ನೆಗೆಯುವ ಗ್ಯಾಲಿಯಾರ್ಡ್, ಗಂಭೀರವಾದ ಸರಬಂದ್, ಚುರುಕಾದ ಜೀಗ್ ಮೊದಲಾದವು. ಹಳೆಯ ಹೆಜ್ಜೆಗಳನ್ನು ಇಟ್ಟಂತೆಯೇ ಇಡಬೇಕೆಂದಲ್ಲ. ಪವಾನಿನ ತಾಳ, ನಡೆ, ಗಾಂಭೀರ್ಯಗಳನ್ನು ಹಿಡಿದು ತನ್ನದೇ ಚಲನೆಯಿಂದ ಒಂದು ಸಣ್ಣ ಕೃತಿಯನ್ನು ಕಟ್ಟಿ ತರಬೇಕು. ಮೊದಲಲ್ಲಿ ಎರಡು ಮೂರು ಆವರ್ತಗಳಷ್ಟು ಒಂದು ಚಲನೆಯ ಬೀಜವನ್ನು ಹೇಳಬೇಕು. ಮುಂದೆ ಬರುವುದೆಲ್ಲ ಆ ಬೀಜದಿಂದಲೇ ಹೊರಡಬೇಕು. ಅದನ್ನು ತಿರುವಬಹುದು, ಹಿಗ್ಗಿಸಬಹುದು, ಕುಗ್ಗಿಸಬಹುದು, ಎತ್ತರದಿಂದ ನೆಲಕ್ಕೆ ಇಳಿಸಬಹುದು. ಹೊಸದೊಂದನ್ನು ಕಾರಣವಿಲ್ಲದೆ ತಂದು ಸೇರಿಸಕೂಡದು. ನಡುವೆ ಒಂದು ಭೇದವು ಬಂದು ಮತ್ತೆ ಮೊದಲಿನದಕ್ಕೆ ಮರಳಬೇಕು. ಅನುಪಲ್ಲವಿಯಲ್ಲಿ ವಿಹರಿಸಿ ಪಲ್ಲವಿಗೆ ಮರಳುವ ನಮ್ಮ ಕೀರ್ತನೆಯ ನಡೆಯನ್ನು ನೆನೆದರೆ ಈ ನಿಯಮವು ವಾಚಕರಿಗೆ ಸುಲಭವಾಗಿ ತಿಳಿಯುವುದು. ವಿದ್ಯಾರ್ಥಿನಿಯು ಕಟ್ಟಿದ್ದನ್ನು ಎಲ್ಲರ ಎದುರಿಗೆ ತೋರಿಸಬೇಕು. ಹಾರ್ಸ್ಟರು ಪಿಯಾನೋವಿನ ಹಿಂದೆ ಕುಳಿತು ಬಾರಿಸುತ್ತ ನೋಡುವರು. ಬೀಜವು ಎಲ್ಲಿ ಕಳೆದುಹೋಯಿತೆಂಬುದು ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ಆ ತರಗತಿಯಿಂದ ಅಳುತ್ತ ಹೊರಗೆ ಬಂದವರ ಕಥೆಗಳು ಹಲವು.

ಹಾರ್ಸ್ಟರು ಈ ಪಾಠವನ್ನು ೧೯೩೭ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಎರಡನೆಯ ಕ್ರಮದಲ್ಲಿ ಪ್ರಾಚೀನ ಶಿಲ್ಪ, ಮಧ್ಯಯುಗದ ಚಿತ್ರ, ಜಾಜ್ ಸಂಗೀತ, ನವೀನ ಚಿತ್ರಕಲೆ ಇವುಗಳನ್ನು ಆಧಾರವಾಗಿಟ್ಟುಕೊಂಡು ರಚನೆಯನ್ನು ಕಲಿಸಿದರು. ಹಂಫ್ರಿಯವರು ಬೇರೆ ದಾರಿಯನ್ನು ಹಿಡಿದರು. ಸೊಂಟದ ಕೀಲಿನ ವ್ಯಾಧಿಯಿಂದ ೧೯೪೦ರ ದಶಕದ ನಡುವೆಯೇ ಕುಣಿಯುವುದನ್ನು ಬಿಡಬೇಕಾದ ಅವರು, ರಂಗದ ಯಾವ ಮೂಲೆಯಲ್ಲಿ ನಿಂತವನಿಗೆ ಬಲವಿದೆ, ಸಮಾಂಗತೆಯು ಯಾವಾಗ ಶಾಂತಿಯನ್ನೂ ಯಾವಾಗ ಬೇಸರವನ್ನೂ ಕೊಡುವುದು ಎಂಬಂಥ ವಿಚಾರಗಳನ್ನು ವರುಷಗಟ್ಟಲೆ ಕಲಿಸಿದರು. ಆ ಪುಸ್ತಕವು ಅವರು ತೀರಿಕೊಂಡ ಬಳಿಕ, ೧೯೫೯ರಲ್ಲಿ, ಹೊರಬಂದಿತು. ಹಾರ್ಸ್ಟರ ಪುಸ್ತಕಕ್ಕಿಂತ ಅದರಲ್ಲಿ ಮನುಷ್ಯರ ಮೇಲಿನ ಕನಿಕರ ಹೆಚ್ಚೆಂದು ನನ್ನ ಅಭಿಪ್ರಾಯ.

ಬೆನಿಂಗ್ಟನ್ ಬೇಸಗೆಯ ಶಾಲೆಯು ೧೯೩೯ರಲ್ಲಿ ಒಂದು ಸಲ ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿಗೆ ಹೋಗಿ ಬಂದು, ಯುದ್ಧಕಾಲದ ೧೯೪೨ರಲ್ಲಿ ನಿಂತಿತು. ೧೯೪೮ರಲ್ಲಿ ಅದೇ ಮಾದರಿಯ ಶಾಲೆ ಮತ್ತು ಉತ್ಸವವು ಕನೆಕ್ಟಿಕಟ್ ಕಾಲೇಜಿನಲ್ಲಿ ಆರಂಭವಾಯಿತು. ೧೯೫೧ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತ ವಿದ್ಯಾಲಯವು ನೃತ್ಯವಿಭಾಗವನ್ನು ತೆರೆದು ಹಿಲ್ ಅವರನ್ನೇ ಮುಖ್ಯಸ್ಥೆಯನ್ನಾಗಿ ಕರೆಯಿತು. ಬ್ಯಾಲೆಯೂ ನವೀನ ನೃತ್ಯವೂ ಅಲ್ಲಿ ಒಂದೇ ಸೂರಿನ ಕೆಳಗೆ ಪಾಠವಾದವು.

ಇಲ್ಲಿ ಒಂದು ಮಾತನ್ನು ಹೇಳದಿದ್ದರೆ ಇತಿಹಾಸವು ಏಕಪಕ್ಷೀಯವಾದೀತು. ಈ ಕಾಲೇಜುಗಳ ವಿದ್ಯಾರ್ಥಿನಿಯರು ಬಹುಮಟ್ಟಿಗೆ ಬಿಳಿಯರು, ಅನುಕೂಲಸ್ಥ ಮನೆಗಳವರು. ಕರಿಯ ಜನರ ನೃತ್ಯಪರಂಪರೆಯು ಅಮೆರಿಕದ ಬೀದಿಬೀದಿಯಲ್ಲಿ ಜೀವಂತವಾಗಿದ್ದರೂ ಪಾಠಪಟ್ಟಿಯಲ್ಲಿ ಅದಕ್ಕೆ ಮರ್ಯಾದೆಯ ಸ್ಥಾನವಿರಲಿಲ್ಲ. ಕ್ಯಾಥರೀನ್ ಡನ್ಹಂ ಎಂಬ ಕರಿಯ ನರ್ತಕಿಯು ಕಾಲೇಜನ್ನು ಸೇರಿದ್ದು ನೃತ್ಯ ವಿಭಾಗದ ಮೂಲಕವಲ್ಲ. ಶಿಕಾಗೋ ವಿಶ್ವವಿದ್ಯಾನಿಲಯದ ಮಾನವಶಾಸ್ತ್ರದ ಮೂಲಕ. ೧೯೩೫ರಲ್ಲಿ ವಿದ್ಯಾರ್ಥಿವೇತನವನ್ನು ಪಡೆದು ಹೈಟಿ, ಜಮೈಕಾ, ಮಾರ್ಟಿನೀಕ್ ದ್ವೀಪಗಳಿಗೆ ಹೋಗಿ ಅಲ್ಲಿನ ಕುಣಿತಗಳನ್ನು ಅಭ್ಯಾಸ ಮಾಡಿ, ಅವುಗಳಿಂದ ತಮ್ಮದೊಂದು ಶಿಕ್ಷಣಕ್ರಮವನ್ನು ಅವರು ರೂಪಿಸಿದರು. ಹಾರ್ಸ್ಟರು ಪವಾನ್ ಕಲಿಸುತ್ತಿದ್ದ ವರುಷಗಳಲ್ಲಿಯೇ ಇದೂ ನಡೆಯಿತು. ಒಂದು ಪಾಠವು ಪಠ್ಯವಾಗುವಾಗ ಯಾವುದು ಒಳಗೆ ಬಂತೆಂಬುದರಷ್ಟೇ ಯಾವುದು ಹೊರಗೆ ಉಳಿಯಿತೆಂಬುದನ್ನೂ ಕೇಳಬೇಕು.

ಮತ್ತೊಂದು ಕಷ್ಟವು ನೃತ್ಯದ ಸ್ವಭಾವದಲ್ಲಿಯೇ ಇತ್ತು. ಸಾಹಿತ್ಯದ ವಿದ್ಯಾರ್ಥಿಗೆ ಪಂಪನ ಗ್ರಂಥವು ಕೈಯಲ್ಲಿರುವುದು. ನೃತ್ಯದ ವಿದ್ಯಾರ್ಥಿಗೆ ನಿನ್ನೆಯ ಕೃತಿಯು ಎಲ್ಲಿದೆ? ಕುಣಿದವರು ಮರೆತರೆ ಅದು ಇಲ್ಲ. ‘ಪನೋರಮಾ’ದ ಬಹುಭಾಗವು ಹೀಗೆಯೇ ಕಳೆದುಹೋಯಿತು. ರುಡೋಲ್ಫ್ ಲಾಬನ್ ಎಂಬವರು ೧೯೨೮ರಲ್ಲಿ ಚಲನೆಯನ್ನು ಬರೆದಿಡುವ ಒಂದು ಲಿಪಿಯನ್ನು ಪ್ರಕಟಿಸಿದ್ದರು. ೧೯೪೦ರಲ್ಲಿ ನ್ಯೂಯಾರ್ಕಿನಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯು ಸ್ಥಾಪಿತವಾಯಿತು. ಆ ಲಿಪಿಯನ್ನು ಕಲಿತವರಿಂದಾಗಿ ಹಂಫ್ರಿಯವರ ಎಷ್ಟೋ ಕೃತಿಗಳನ್ನು, ಅವರನ್ನು ಕಂಡೇ ಅರಿಯದ ವಿದ್ಯಾರ್ಥಿಗಳು ಮುಂದೆ ಕಲಿತು ಆಡುವಂತಾಯಿತು. ಕಾಲೇಜಿನಿಂದಾದ ಲಾಭಗಳಲ್ಲಿ ಇದು ಸಣ್ಣದೇನೂ ಅಲ್ಲ. ಗದ್ದಲವಿಲ್ಲದ್ದಾದುದರಿಂದ ಜನರು ಅದನ್ನು ಎಣಿಸುವುದಿಲ್ಲ, ಅಷ್ಟೆ.

ಇನ್ನು ಹಾರ್ಸ್ಟರ ನಿಯಮಗಳ ಗತಿ. ೧೯೫೭ರ ಅಕ್ಟೋಬರಿನಲ್ಲಿ ಪಾಲ್ ಟೇಲರ್ ಎಂಬ ತರುಣ ನರ್ತಕರು ನ್ಯೂಯಾರ್ಕಿನಲ್ಲಿ ಏಳು ಹೊಸ ಕೃತಿಗಳನ್ನು ತೋರಿಸಿದರು. ಒಂದರಲ್ಲಿ ಅವರು ನಿಂತಿದ್ದರು, ಅವರ ಜೊತೆಯ ನರ್ತಕಿಯು ಕುಳಿತಿದ್ದರು. ತೆರೆ ಬೀಳುವ ತನಕ ಇಬ್ಬರೂ ಅಲುಗಲಿಲ್ಲ. ಇನ್ನೊಂದರಲ್ಲಿ ಟೆಲಿಫೋನಿನಲ್ಲಿ ಹೊತ್ತು ಹೇಳುವ ಧ್ವನಿಯೇ ಸಂಗೀತ. ಹಾರ್ಸ್ಟರು ೧೯೩೪ರಿಂದ ‘ಡಾನ್ಸ್ ಅಬ್ಸರ್ವರ್’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು. ಅದರಲ್ಲಿ ಈ ಪ್ರದರ್ಶನದ ವಿಮರ್ಶೆ ಬಂದಿತು: ಮೇಲೆ ಸ್ಥಳದ ಮತ್ತು ದಿನದ ವಿವರ, ಕೆಳಗೆ ಹಾರ್ಸ್ಟರ ಹೆಸರಿನ ಮೊದಲಕ್ಷರಗಳು, ನಡುವೆ ಬರಿಯ ಬಿಳಿಯ ಕಾಗದ. ಅಮೆರಿಕದ ನೃತ್ಯವಿಮರ್ಶೆಯಲ್ಲಿ ಇಷ್ಟು ಪ್ರಸಿದ್ಧವಾದ ಬರಹವು ಇನ್ನೊಂದಿರಲಾರದು. ಗುರುವಿನ ತೀರ್ಪು ಅದಾಯಿತು. ಆದರೆ ಟೇಲರರು ಮುಂದೆ ಆ ದೇಶದ ಪ್ರಮುಖ ನೃತ್ಯರಚಕರಲ್ಲಿ ಒಬ್ಬರಾದರು. ಆ ಬಿಳಿಯ ಕಾಗದವು ಶಿಷ್ಯನಿಗೆ ಹಾಕಿದ ಸೊನ್ನೆಯೋ, ಶಾಸ್ತ್ರವು ತನ್ನ ಎಲ್ಲೆಯನ್ನು ತಾನೇ ಒಪ್ಪಿಕೊಂಡ ಪತ್ರವೋ ಎಂದು ನಾನು ಅನೇಕ ಸಲ ಯೋಚಿಸಿದ್ದುಂಟು.

ಶಾಸ್ತ್ರವನ್ನು ನಿಜವಾಗಿ ಪ್ರಶ್ನಿಸಿದ್ದು ಇನ್ನೊಂದು ತರಗತಿ. ಅದನ್ನು ನಡೆಸಿದವರೂ ನರ್ತಕರಲ್ಲ, ಸಂಗೀತಗಾರರೇ. ರಾಬರ್ಟ್ ಡನ್ ಎಂಬವರು ಜಾನ್ ಕೇಜ್ ಅವರಲ್ಲಿ ಸಂಗೀತರಚನೆಯನ್ನು ಅಭ್ಯಾಸ ಮಾಡಿದ್ದವರು. ಹಾರ್ಸ್ಟ್ ಮತ್ತು ಹಂಫ್ರಿಯವರ ಪಾಠಗಳನ್ನು ಕಣ್ಣಾರೆ ನೋಡಿ ಒಪ್ಪದಿದ್ದವರು. ಕೇಜ್ ಅವರ ಮಾತಿನಂತೆ ೧೯೬೦ರಲ್ಲಿ ನ್ಯೂಯಾರ್ಕಿನ ಮರ್ಸ್ ಕನಿಂಗ್‌ಹಾಮ್ ಅವರ ನೃತ್ಯಶಾಲೆಯಲ್ಲಿ ಅವರು ರಚನೆಯ ಪಾಠವನ್ನು ಆರಂಭಿಸಿದಾಗ ಬಂದವರು ಐದೇ ಮಂದಿ. ಅರ್ಧ ಗಂಟೆಯಲ್ಲಿ ಐದು ನಿಮಿಷದ ನೃತ್ಯವನ್ನು ಕಟ್ಟಿರಿ ಎನ್ನುವರು. ಪಗಡೆಯ ದಾಳವನ್ನು ಎಸೆಯುವಂಥ ಆಕಸ್ಮಿಕದಿಂದ ಚಲನೆಗಳ ಕ್ರಮವನ್ನು ನಿಶ್ಚಯಿಸಿರಿ ಎನ್ನುವರು. ತೋರಿಸಿದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಮಾತು ಅಲ್ಲಿಲ್ಲ. ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದನ್ನು ಹೇಗೆ ಮಾಡಿದಿರಿ? ಹಾರ್ಸ್ಟರ ತರಗತಿಯಲ್ಲಿ ಕೃತಿಯು ಗುರುವಿನ ಮುಂದೆ ನಿಂತ ಅಪರಾಧಿ. ಡನ್ ಅವರಲ್ಲಿ ಅದು ಎಲ್ಲರೂ ಸೇರಿ ಬಿಚ್ಚಿ ನೋಡತಕ್ಕ ಗಡಿಯಾರ. ಎರಡು ವರುಷಗಳ ಕೊನೆಗೆ, ೧೯೬೨ರ ಜುಲೈ ೬ರ ಸಂಜೆ, ಆ ತರಗತಿಯವರು ನ್ಯೂಯಾರ್ಕಿನ ಜಡ್ಸನ್ ಸ್ಮಾರಕ ಚರ್ಚಿನಲ್ಲಿ ತಮ್ಮ ರಚನೆಗಳನ್ನು ಪುಕ್ಕಟೆಯಾಗಿ ತೋರಿಸಿದರು. ನಡೆಯುವುದು, ಓಡುವುದು, ಕುಳಿತುಕೊಳ್ಳುವುದು ಇವೂ ನೃತ್ಯವಾಗಬಹುದೆಂಬ ಸಾಹಸವು ಅಂದಿನಿಂದ ಅಮೆರಿಕದ ನೃತ್ಯಕ್ಕೆ ಹೊಸ ದಿಕ್ಕನ್ನು ಕೊಟ್ಟಿತು.

ಹಾರ್ಸ್ಟರಿಲ್ಲದೆ ಡನ್ ಅವರು ಸಾಧ್ಯವಿದ್ದರೆ? ಇಲ್ಲವೆಂದೇ ನನಗೆ ತೋರುವುದು. ನೃತ್ಯವನ್ನು ಕಟ್ಟುವುದು ಪ್ರೇರಣೆಯ ಮಾತು, ವಿಚಾರಿಸುವ ಮಾತಲ್ಲ ಎಂಬ ಮೌನವನ್ನು ಮುರಿದವರು ಹಾರ್ಸ್ಟರು. ಬಾಯಿ ತೆರೆದ ಮೇಲೆ ಬೇರೊಂದು ಉತ್ತರವನ್ನು ಹೇಳುವವನು ಬಂದೇ ಬರುವನು. ಡನ್ ಅವರ ತರಗತಿಯಲ್ಲಿದ್ದ ಸ್ಟೀವ್ ಪ್ಯಾಕ್ಸ್ಟನ್ ಅವರು ೧೯೭೨ರಲ್ಲಿ ಒಬರ್ಲಿನ್ ಕಾಲೇಜಿಗೆ ಬಂದು, ಅಲ್ಲಿನ ಗಂಡು ವಿದ್ಯಾರ್ಥಿಗಳೊಂದಿಗೆ ‘ಮೆಗ್ನೀಸಿಯಂ’ ಎಂಬ ಕೃತಿಯನ್ನು ಪ್ರದರ್ಶಿಸಿದರು. ಒಬ್ಬರ ಮೇಲೊಬ್ಬರು ಬೀಳುವುದು, ಉರುಳುವುದು, ಭಾರವನ್ನು ಕೊಡುವುದು, ಕೊಳ್ಳುವುದು, ಇದೇ ಅದರ ವಸ್ತು. ಎರಡು ದೇಹಗಳು ಪರಸ್ಪರ ಸ್ಪರ್ಶವನ್ನೇ ಆಧಾರವಾಗಿಟ್ಟುಕೊಂಡು ಆಶುವಾಗಿ ಚಲಿಸುವ ಪದ್ಧತಿಯು ಅದರಿಂದ ಹೊರಟು ಇಂದು ಲೋಕದ ಅನೇಕ ನೃತ್ಯವಿದ್ಯಾಲಯಗಳಲ್ಲಿ ಪಾಠವಾಗಿದೆ. ಪ್ರದರ್ಶನವು ನಡೆದದ್ದು ಕಾಲೇಜಿನ ವ್ಯಾಯಾಮಶಾಲೆಯಲ್ಲಿ, ಹಾಸಿದ ಮೆತ್ತೆಗಳ ಮೇಲೆ!

ಈ ಬಳ್ಳಿಯ ಒಂದು ಕುಡಿಯು ನಮ್ಮ ಕನ್ನಡನಾಡಿಗೂ ಬಂದಿದೆ. ಬಂದದ್ದು ಲಂಡನ್ನಿನ ಮಾರ್ಗವಾಗಿ. ರಾಬಿನ್ ಹೊವಾರ್ಡ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಯು ಎರಡನೆಯ ಮಹಾಯುದ್ಧದಲ್ಲಿ ಎರಡು ಕಾಲುಗಳನ್ನೂ ಕಳೆದುಕೊಂಡವರು. ೧೯೫೪ರಲ್ಲಿ ಗ್ರಹಾಮರ ತಂಡವು ಲಂಡನ್ನಿಗೆ ಬಂದಾಗ ನೋಡಿ ಮುಗ್ಧರಾದರು; ಅದನ್ನು ತಮ್ಮ ದೇಶದಲ್ಲಿ ಬೆಳೆಯಿಸಲು ತಮ್ಮ ಸ್ವಂತ ಹಣವನ್ನು ಸುರಿದರು. ಹೀಗೆ ೧೯೬೬ರಲ್ಲಿ ಲಂಡನ್ ಕಂಟೆಂಪೊರರಿ ಡಾನ್ಸ್ ಸ್ಕೂಲ್ ಸ್ಥಾಪನೆಯಾಯಿತು. ಅದನ್ನು ನಡೆಸಲು ಗ್ರಹಾಮರ ತಂಡದ ರಾಬರ್ಟ್ ಕೋಹನ್ ಬಂದರು. ಭರತನಾಟ್ಯ, ಕಳರಿಪ್ಪಯಟ್ಟುಗಳನ್ನು ಬಲ್ಲ ಕೇರಳದ ಜಯಚಂದ್ರನ್ ಪಾಳಾಳಿ ಅವರು ಮುಂದೆ ಆ ಶಾಲೆಯಲ್ಲಿ ಕಲಿತರು. ೧೯೯೨ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಆಟಕ್ಕಳರಿ ಎಂಬ ಸಮಕಾಲೀನ ನೃತ್ಯಸಂಸ್ಥೆಯ ಹಿಂದೆ ಇದ್ದವರು ಅವರು. ಅಲ್ಲಿ ಏರ್ಪಡಿಸಿದ ಡಿಪ್ಲೊಮಾ ವ್ಯಾಸಂಗದಲ್ಲಿ ತರುಣ ತರುಣಿಯರು ಬೆಳಗ್ಗೆ ಭರತನಾಟ್ಯದ ಅಥವಾ ಕಳರಿಯ ಅಭ್ಯಾಸವನ್ನೂ ಪಶ್ಚಿಮದ ನವೀನ ನೃತ್ಯದ ಅಭ್ಯಾಸವನ್ನೂ ಮಾಡಿ, ರಚನೆಯ ತರಗತಿಗೆ ತಾವೇ ಕಟ್ಟಿದ ಒಂದು ತುಣುಕನ್ನು ತರಬೇಕಾಗಿತ್ತು. ಅಡವುಗಳನ್ನು ಬಲ್ಲ ಹುಡುಗಿಯೊಬ್ಬಳು ತನ್ನ ತುಣುಕನ್ನು ತೋರಿಸಿ ನಿಂತಾಗ ಎದುರಿಗೆ ಕುಳಿತವರು ಕೇಳುವ ಮಾತು, ಇದನ್ನು ಯಾರಲ್ಲಿ ಕಲಿತೆ ಎಂದಲ್ಲ, ಇದನ್ನು ಹೇಗೆ ಕಟ್ಟಿದೆ ಎಂದು.